ಒಂದು ಹನಿ ರಕ್ತದ ಸಾಕ್ಷಿ: ಸರ್ ರೊನಾಲ್ಡ್ ರಾಸ್ ಅವರ ಜೀವನ

ಪತ್ತಿಕೊಂಡದ ಹೆಸರು ಇತಿಹಾಸದ ಪುಟಗಳಲ್ಲಿ ಒಂದು ಸಾವಿನ ಕಾರಣದಿಂದಲೂ ಉಳಿದಿದೆ. ಮದರಾಸಿನ ಗವರ್ನರ್ ಆಗಿದ್ದ ಸರ್ ಥಾಮಸ್ ಮನ್ರೋ ಅವರು ದತ್ತಮಂಡಲ ಜಿಲ್ಲೆಗಳಿಗೆ ಕೊನೆಯ ಬಾರಿ ಭೇಟಿ ನೀಡಲು ಬಂದಿದ್ದಾಗ, 1827ರ ಜುಲೈ 6ರಂದು, ಇದೇ ಊರಿನಲ್ಲಿ ಕಾಲರಾ ತಗಲಿ ತೀರಿಕೊಂಡರು. ಬೆಳಿಗ್ಗೆ ಕಾಣಿಸಿಕೊಂಡ ಕಾಯಿಲೆ ರಾತ್ರಿಯ ಹೊತ್ತಿಗೆ ಪ್ರಾಣವನ್ನು ಕೊಂಡೊಯ್ದಿತು. ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದ ಆ ಅಧಿಕಾರಿಯ ನೆನಪಿಗಾಗಿ ಸರಕಾರವು ಇಲ್ಲಿ ಕಲ್ಲಿನ ಮೆಟ್ಟಿಲುಗಳ ಬಾವಿಯನ್ನು ಕಟ್ಟಿಸಿ, ತೋಪನ್ನು ಬೆಳೆಸಿತು.

ಇಡೀ ಪ್ರಾಂತ್ಯವನ್ನು ಆಳುತ್ತಿದ್ದವನಿಗೂ ಆ ದಿನ ಯಾವ ಔಷಧವೂ ಒದಗಲಿಲ್ಲ. ಕಾಲರಾ ಕುಡಿಯುವ ನೀರಿನಿಂದ ಹರಡುತ್ತದೆ ಎಂಬುದು ಅಂದಿನ ವೈದ್ಯರಿಗೆ ತಿಳಿದಿರಲಿಲ್ಲ. ಚಳಿಜ್ವರದ ವಿಷಯವೂ ಹಾಗೆಯೇ ಇತ್ತು. ಜೌಗುನೆಲದಿಂದ ಏಳುವ ಕೆಟ್ಟ ಗಾಳಿಯೇ ಅದಕ್ಕೆ ಕಾರಣವೆಂದು ಜಗತ್ತೆಲ್ಲ ನಂಬಿತ್ತು. ಇಟಲಿಯ ಭಾಷೆಯಿಂದ ಬಂದ ಮಲೇರಿಯಾ ಎಂಬ ಪದದ ಅರ್ಥವೂ ಕೆಟ್ಟ ಗಾಳಿ ಎಂದೇ. ಮನ್ರೋ ತೀರಿಕೊಂಡ ಎಪ್ಪತ್ತು ವರ್ಷಗಳ ಬಳಿಕ, 1897ರಲ್ಲಿ, ಸಿಕಂದರಾಬಾದಿನ ಒಂದು ಚಿಕ್ಕ ಸೇನಾ ಆಸ್ಪತ್ರೆಯಲ್ಲಿ ಈ ನಂಬಿಕೆಯು ಕೊನೆಗೊಂಡಿತು. ಅದನ್ನು ಕೊನೆಗಾಣಿಸಿದವರು ರೊನಾಲ್ಡ್ ರಾಸ್. ಅವರ ಬದುಕಿನ ಹಲವು ಮುಖ್ಯ ವರ್ಷಗಳು ಕನ್ನಡ ನೆಲದಲ್ಲಿ ಕಳೆದವು. ನಮ್ಮ ದೇಶವು ಮಲೇರಿಯಾವನ್ನು 2030ರೊಳಗೆ ನಿರ್ಮೂಲ ಮಾಡುವ ಗುರಿ ಇಟ್ಟುಕೊಂಡಿರುವ ಈ ಕಾಲದಲ್ಲಿ ಅವರ ಜೀವನವನ್ನು ನಮ್ಮ ಶಾಲೆಗಳ ಮಕ್ಕಳೂ ಪೋಷಕರೂ ಅರಿಯುವುದು ಉಚಿತ.

ಕವಿಯಾಗಬೇಕೆಂದಿದ್ದ ಬಾಲಕ

ರೊನಾಲ್ಡ್ ರಾಸ್ ಅವರು ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ. ಮೀರತ್ತಿನಲ್ಲಿ ಸಿಪಾಯಿಗಳ ದಂಗೆ ಆರಂಭವಾಗಿ ಆಗ ಮೂರೇ ದಿನಗಳಾಗಿದ್ದವು. ತಂದೆ ಸೈನ್ಯದ ಅಧಿಕಾರಿ. ಹತ್ತು ಮಕ್ಕಳಲ್ಲಿ ರೊನಾಲ್ಡ್ ಹಿರಿಯವರು. ಎಂಟನೆಯ ವಯಸ್ಸಿನಲ್ಲಿ ಅವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ವೈಟ್ ಎಂಬ ದ್ವೀಪದಲ್ಲಿ ಬಂಧುಗಳ ಮನೆಯಲ್ಲಿ ಅವರು ಬೆಳೆದರು. ಚಿತ್ರಕಲೆ, ಸಂಗೀತ, ಗಣಿತ ಮತ್ತು ಕಾವ್ಯಗಳಲ್ಲಿ ಅವರಿಗೆ ಆಸಕ್ತಿ ಇತ್ತು. ಲೇಖಕನಾಗಬೇಕೆಂಬ ಬಯಕೆಯೂ ಇತ್ತು. ಆದರೆ ತಂದೆಯ ಇಚ್ಛೆ ಬೇರೆಯಾಗಿತ್ತು. ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ಅವರು ಮನಸ್ಸಿಲ್ಲದೆಯೇ ವೈದ್ಯಶಿಕ್ಷಣಕ್ಕೆ ಸೇರಿದರು. ಓದಿಗಿಂತ ಪದ್ಯ, ನಾಟಕಗಳ ರಚನೆಗೇ ಹೆಚ್ಚು ಕಾಲ ಕೊಟ್ಟರು. ಒಂದು ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ, ಕೆಲಕಾಲ ಹಡಗಿನ ವೈದ್ಯರಾಗಿ ದುಡಿದರು. ಕೊನೆಗೆ 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಯನ್ನು ಸೇರಿ, ಹುಟ್ಟಿದ ನಾಡಿಗೆ ಮರಳಿದರು.

ಮದರಾಸು ಪ್ರಾಂತ್ಯ, ಬರ್ಮಾ, ಅಂಡಮಾನ್ ದ್ವೀಪಗಳು, ಬೆಂಗಳೂರು ಹೀಗೆ ಅನೇಕ ಕಡೆಗಳಲ್ಲಿ ಅವರು ಕೆಲಸ ಮಾಡಿದರು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ ನಡೆದ ಒಂದು ಸಣ್ಣ ಘಟನೆಯನ್ನು ಮರೆಯಬಾರದು. ಅವರಿದ್ದ ಕೋಣೆಯಲ್ಲಿ ಉಳಿದ ಕೋಣೆಗಳಿಗಿಂತ ಸೊಳ್ಳೆಗಳ ಕಾಟ ಹೆಚ್ಚಾಗಿತ್ತು. ಕಾರಣವನ್ನು ಹುಡುಕಿದಾಗ ಕಿಟಕಿಯ ಹೊರಗೆ ನೀರಿನ ತೊಟ್ಟಿಯೊಂದು ಕಾಣಿಸಿತು. ಅದರ ತುಂಬ ಸೊಳ್ಳೆಮರಿಗಳು ಈಜಾಡುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿದೊಡನೆ ಸೊಳ್ಳೆಗಳು ಬಹುಮಟ್ಟಿಗೆ ಇಲ್ಲವಾದವು. ಇದೇ ರೀತಿ ಊಟದ ಮನೆಯ ಸುತ್ತಲಿನ ನೀರನ್ನೂ ಚೆಲ್ಲಿಸಬಹುದೆಂದು ಅವರು ಸೇನಾಧಿಕಾರಿಯೊಬ್ಬನಿಗೆ ಸೂಚಿಸಿದರು. ಸೃಷ್ಟಿಯ ಕ್ರಮದಲ್ಲಿ ಕೈಹಾಕುವುದು ಸಲ್ಲದೆಂದು ಆತನು ಒಪ್ಪಲಿಲ್ಲ. ಸೊಳ್ಳೆಗೂ ಜ್ವರಕ್ಕೂ ನಂಟಿದೆಯೆಂದು ಆಗ ರಾಸ್ ಅವರಿಗೂ ತಿಳಿದಿರಲಿಲ್ಲ. ಆದರೂ ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬ ಪಾಠವನ್ನು ಅವರು ಬೆಂಗಳೂರಿನಲ್ಲಿಯೇ ಕಲಿತರು.

ಕಾಣದ ರೋಗಾಣುವನ್ನು ಕಂಡದ್ದು

ಆಲ್ಫೋನ್ಸ್ ಲಾವೆರಾನ್ ಎಂಬ ಫ್ರೆಂಚ್ ಸೇನಾವೈದ್ಯರು 1880ರಲ್ಲಿ ಆಲ್ಜೀರಿಯಾದಲ್ಲಿ ಜ್ವರದ ರೋಗಿಯ ರಕ್ತದೊಳಗೆ ಸಜೀವ ರೋಗಾಣುವನ್ನು ಕಂಡಿದ್ದರು. ರಾಸ್ ಅವರು ಅದನ್ನು ಸುಲಭವಾಗಿ ನಂಬಲಿಲ್ಲ. ಭಾರತದಲ್ಲಿ ಎಷ್ಟೋ ರೋಗಿಗಳ ರಕ್ತವನ್ನು ಪರೀಕ್ಷಿಸಿದರೂ ಅವರಿಗೆ ಅದು ಕಾಣಿಸಿರಲಿಲ್ಲ. ಜ್ವರದ ಮೂಲ ಕರುಳಿನಲ್ಲಿದೆ ಎಂದು ವಾದಿಸಿ ಅವರು ಲೇಖನಗಳನ್ನೂ ಬರೆದರು. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ಸೂಕ್ಷ್ಮದರ್ಶಕದಡಿ ಒಂದು ಹನಿ ರಕ್ತವನ್ನಿಟ್ಟು ರೋಗಾಣುವನ್ನು ತೋರಿಸಿದರು. ರಾಸ್ ಅವರು ತಮ್ಮ ತಪ್ಪನ್ನು ಒಪ್ಪಿಕೊಂಡರು. ರೋಗಾಣುವು ಸೊಳ್ಳೆಯ ದೇಹವನ್ನು ಸೇರಿ ಅಲ್ಲಿ ಬೆಳೆಯುತ್ತಿರಬಹುದೆಂಬ ಮ್ಯಾನ್ಸನ್ ಅವರ ಊಹೆಯು ಅಂದಿನಿಂದ ರಾಸ್ ಅವರ ಜೀವನದ ಗುರಿಯಾಯಿತು. ರೋಗವನ್ನು ಗೆಲ್ಲುವ ಮುನ್ನ ರೋಗವನ್ನು ಸರಿಯಾಗಿ ಗುರುತಿಸಲು ಕಲಿಯಬೇಕೆಂಬ ಮಾತಿಗೆ ಅವರ ಬಾಳೇ ನಿದರ್ಶನ.

1895ರಲ್ಲಿ ಅವರು ಸಿಕಂದರಾಬಾದಿಗೆ ಬಂದು ಬೇಗಂಪೇಟೆಯಲ್ಲಿ ಕೆಲಸಕ್ಕೆ ತೊಡಗಿದರು. ಕೆಲವೇ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಕಾಲರಾ ಹಬ್ಬಿದ್ದರಿಂದ ಸರಕಾರವು ಅವರನ್ನು ಅಲ್ಲಿಗೆ ಕಳುಹಿಸಿತು. ಪತ್ತಿಕೊಂಡದಲ್ಲಿ ಗವರ್ನರನನ್ನು ಬಲಿತೆಗೆದುಕೊಂಡಿದ್ದ ರೋಗವೇ ಬೆಂಗಳೂರಿನಲ್ಲಿ ರಾಸ್ ಅವರ ಎದುರಿಗೆ ನಿಂತಿತ್ತು. ಆದರೆ ಈ ವೇಳೆಗೆ ವಿಜ್ಞಾನವು ಮುಂದೆ ಸಾಗಿತ್ತು; ನೀರನ್ನು ಶುದ್ಧವಾಗಿಟ್ಟರೆ ಕಾಲರಾವನ್ನು ತಡೆಯಬಹುದೆಂದು ತಿಳಿದಿತ್ತು. ಬಾವಿ, ಚರಂಡಿ, ಕೇರಿಗಳ ನೈರ್ಮಲ್ಯದ ಕೆಲಸ ಅವರ ಸಮಯವನ್ನೆಲ್ಲ ನುಂಗಿತು. ಅದರ ನಡುವೆಯೂ ಬಿಡುವು ಮಾಡಿಕೊಂಡು ಸೊಳ್ಳೆಗಳ ಪ್ರಯೋಗ ಮುಂದುವರಿಸಿದರು. ಬೌರಿಂಗ್ ಆಸ್ಪತ್ರೆಯ ಸಹಾಯಕ ವೈದ್ಯರಾಗಿದ್ದ ಅಪ್ಪಯ್ಯ ಎಂಬವರು ಸ್ವಇಚ್ಛೆಯಿಂದ ಮುಂದೆ ಬಂದು, ಮಲೇರಿಯಾ ರೋಗಿಗಳನ್ನು ಕಚ್ಚಿದ್ದ ಸೊಳ್ಳೆಗಳಿಂದ ತಮ್ಮ ಮೈಯನ್ನು ಕಚ್ಚಿಸಿಕೊಂಡರು. ಅವರಿಗೆ ಜ್ವರ ಬರಲಿಲ್ಲ. ಆ ಸೊಳ್ಳೆಗಳು ಮಲೇರಿಯಾ ಹರಡುವ ಜಾತಿಯವಲ್ಲವೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಪ್ರಯೋಗವು ವಿಫಲವಾಯಿತೆಂದರೂ ಆ ವೈದ್ಯರ ಧೈರ್ಯವನ್ನು ಕನ್ನಡಿಗರು ನೆನೆಯಬೇಕು.

ಮುಂದೆ ರಜೆಯಲ್ಲಿ ಊಟಿಯ ಬಳಿಯ ಸೀಗೂರು ಘಾಟಿಗೆ ಹೋದಾಗ ರಾಸ್ ಅವರೇ ಮಲೇರಿಯಾಕ್ಕೆ ಗುರಿಯಾದರು. ಗೋಡೆಯ ಮೇಲೆ ಬಾಲವನ್ನೆತ್ತಿ ಓರೆಯಾಗಿ ಕುಳಿತಿದ್ದ, ರೆಕ್ಕೆಯಲ್ಲಿ ಚುಕ್ಕೆಗಳಿದ್ದ ಸೊಳ್ಳೆಯೊಂದು ಅವರ ಕಣ್ಣಿಗೆ ಬಿದ್ದದ್ದೂ ಅಲ್ಲಿಯೇ. ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯ ಸೊಳ್ಳೆಗಳು ಕುಳಿತುಕೊಳ್ಳುವುದು ಹಾಗೆಯೇ ಎಂದು ಇಂದು ಶಾಲೆಯ ಮಕ್ಕಳಿಗೂ ಪಾಠವಿದೆ.

1897ರ ಆಗಸ್ಟ್ 20

1897ರ ಬೇಸಗೆ ಕಳೆದ ಮೇಲೆ ಅವರು ಮತ್ತೆ ಸಿಕಂದರಾಬಾದಿನಲ್ಲಿದ್ದರು. ಸೆಕೆ ತಾಳಲಾರದಷ್ಟಿದ್ದರೂ ಪಂಕಾ ಬೀಸಿಸುವಂತಿರಲಿಲ್ಲ; ಬೀಸಿದರೆ ಕೊಯ್ದಿಟ್ಟ ಸೊಳ್ಳೆ ಹಾರಿಹೋಗುತ್ತಿತ್ತು. ಹಣೆಯಿಂದ ಸುರಿದ ಬೆವರಿನಿಂದ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಕಣ್ಣಿನ ಬಳಿಯ ಗಾಜು ಬಿರುಕು ಬಿಟ್ಟಿತ್ತು. ಹುಸೇನ್ ಖಾನ್ ಎಂಬ ರೋಗಿಯು ಕಚ್ಚಿದ ಪ್ರತಿಯೊಂದು ಸೊಳ್ಳೆಗೆ ಒಂದಾಣೆಯಂತೆ ಹಣ ಪಡೆದು ಪ್ರಯೋಗಕ್ಕೆ ಒಪ್ಪಿದನು. ಚುಕ್ಕೆರೆಕ್ಕೆಯ ಸೊಳ್ಳೆಗಳು ಅವನ ರಕ್ತವನ್ನು ಕುಡಿದವು. ಅವುಗಳನ್ನು ರಾಸ್ ಅವರು ದಿನದಿನವೂ ಒಂದೊಂದಾಗಿ ಕೊಯ್ದು ಅಂಗುಲ ಅಂಗುಲವಾಗಿ ಪರೀಕ್ಷಿಸಿದರು. ಆಗಸ್ಟ್ 20ರಂದು, ಉಳಿದಿದ್ದ ಕೆಲವೇ ಸೊಳ್ಳೆಗಳಲ್ಲಿ ಒಂದರ ಜಠರದ ಗೋಡೆಯಲ್ಲಿ ದುಂಡಗಿನ ಜೀವಕೋಶಗಳು ಕಾಣಿಸಿದವು. ಅವುಗಳೊಳಗೆ ಇದ್ದ ಕಪ್ಪು ಕಣಗಳು ಮಲೇರಿಯಾ ರೋಗಾಣುವಿನಲ್ಲಿ ಕಾಣುವಂಥವೇ ಆಗಿದ್ದವು. ಮರುದಿನ ಕೊಯ್ದ ಸೊಳ್ಳೆಯಲ್ಲಿ ಅವು ಇನ್ನಷ್ಟು ದೊಡ್ಡವಾಗಿದ್ದವು. ಅಂದರೆ ರೋಗಾಣು ಸೊಳ್ಳೆಯ ಮೈಯಲ್ಲಿ ಬೆಳೆಯುತ್ತಿತ್ತು. ಆ ದಿನವನ್ನು ಇಂದಿಗೂ ಜಗತ್ತು ಸೊಳ್ಳೆ ದಿನವೆಂದು ಆಚರಿಸುತ್ತದೆ.

ಕೆಲಸವು ಅರ್ಧದಲ್ಲಿರುವಾಗಲೇ ಸರಕಾರವು ಅವರನ್ನು ರಾಜಪುತಾನಕ್ಕೆ ವರ್ಗಾಯಿಸಿತು. ಮ್ಯಾನ್ಸನ್ ಅವರ ಪ್ರಯತ್ನದಿಂದ 1898ರಲ್ಲಿ ಕಲ್ಕತ್ತೆಯಲ್ಲಿ ಸಂಶೋಧನೆಗೆ ಅವಕಾಶ ದೊರೆಯಿತು. ಅಲ್ಲಿ ಮನುಷ್ಯ ರೋಗಿಗಳು ಸಾಕಷ್ಟು ದೊರೆಯದೆ ಹಕ್ಕಿಗಳಲ್ಲಿನ ಮಲೇರಿಯಾವನ್ನು ಆರಿಸಿಕೊಂಡರು. ಕಿಶೋರಿ ಮೋಹನ ಬಂದ್ಯೋಪಾಧ್ಯಾಯ, ಮಹಮ್ಮದ್ ಬಕ್ಷ್ ಮೊದಲಾದ ಭಾರತೀಯ ಸಹಾಯಕರು ಅವರೊಡನೆ ದುಡಿದರು. ಜುಲೈ ತಿಂಗಳಿನಲ್ಲಿ ಸರಪಣಿಯ ಕೊನೆಯ ಕೊಂಡಿಯೂ ಸಿಕ್ಕಿತು. ರೋಗಾಣು ಜಠರದಿಂದ ಸೊಳ್ಳೆಯ ಲಾಲಾಗ್ರಂಥಿಗೆ ಹೋಗಿ, ಕಚ್ಚುವಾಗ ಮತ್ತೊಂದು ಜೀವಿಯ ರಕ್ತವನ್ನು ಸೇರುತ್ತದೆ ಎಂಬುದು ಸಿದ್ಧವಾಯಿತು. ಮನುಷ್ಯರಲ್ಲಿ ಅನಾಫಿಲಿಸ್ ಸೊಳ್ಳೆಯೇ ಈ ರೋಗವನ್ನು ಹರಡುತ್ತದೆ ಎಂಬುದನ್ನು ಅದೇ ವರ್ಷ ಇಟಲಿಯ ಜೊವಾನ್ನಿ ಗ್ರಾಸ್ಸಿ ಮತ್ತು ಅವರ ಸಂಗಡಿಗರು ಸ್ಥಾಪಿಸಿದರು. ಕೀರ್ತಿ ಯಾರಿಗೆ ಸಲ್ಲಬೇಕೆಂಬ ಬಗ್ಗೆ ಇಬ್ಬರ ನಡುವೆ ಬಹುಕಾಲ ಕಹಿ ಜಗಳ ನಡೆಯಿತು. ರಾಸ್ ಅವರು ಶ್ರಮಜೀವಿ, ಆದರೆ ಮುಂಗೋಪಿ. ತಮ್ಮ ಪಾಲನ್ನು ಬಿಟ್ಟುಕೊಡುವ ಸ್ವಭಾವ ಅವರದಲ್ಲ. 1902ರಲ್ಲಿ ಅವರಿಗೆ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಭಾರತದಲ್ಲಿ ಹುಟ್ಟಿದವರೊಬ್ಬರಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು.

ದ್ವೀಪದ ಮಕ್ಕಳ ನಡುವೆ

1899ರಲ್ಲಿ ಭಾರತದ ಸೇವೆಯನ್ನು ಬಿಟ್ಟು ಅವರು ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆಯನ್ನು ಸೇರಿದರು. ರೋಗದ ಗುಟ್ಟು ತಿಳಿದ ಮಾತ್ರಕ್ಕೆ ರೋಗ ಹೋಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಉಳಿದ ಬದುಕನ್ನೆಲ್ಲ ಅವರು ರೋಗದ ನಿಯಂತ್ರಣಕ್ಕೇ ಮೀಸಲಿಟ್ಟರು. ಸೂಯೆಜ್ ಕಾಲುವೆಯ ದಡದ ಇಸ್ಮಾಯಿಲಿಯಾ ಪಟ್ಟಣದಲ್ಲಿ ಅವರ ಸಲಹೆಯಂತೆ ನಿಂತ ನೀರನ್ನು ಹರಿಯಬಿಟ್ಟು, ಹೊಂಡಗಳನ್ನು ಮುಚ್ಚಿದಾಗ ಕೆಲವೇ ವರ್ಷಗಳಲ್ಲಿ ಮಲೇರಿಯಾ ಬಹುತೇಕ ನಿಂತಿತು. ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ ಇತರರು ನಡೆಸಿದ ಇಂಥದೇ ಪ್ರಯತ್ನ ಫಲಿಸದೆ, ಅನೇಕ ಅಧಿಕಾರಿಗಳು ಸೊಳ್ಳೆಯನ್ನು ತಗ್ಗಿಸುವ ಕೆಲಸದಲ್ಲಿಯೇ ನಂಬಿಕೆ ಕಳೆದುಕೊಂಡರು.

1907ರ ಕೊನೆಯಲ್ಲಿ ಅವರು ಮಾರಿಷಸ್ ದ್ವೀಪಕ್ಕೆ ಹೋದರು. ಕಬ್ಬಿನ ತೋಟಗಳ ಆ ದ್ವೀಪಕ್ಕೆ ಭಾರತದಿಂದ ಲಕ್ಷಾಂತರ ಕೂಲಿಗಳು ಹೋಗಿದ್ದರು. ಮದರಾಸಿನ ಹಡಗುಗಳಲ್ಲಿ ತೆರಳಿದ ತೆಲುಗರೂ ತಮಿಳರೂ ಅವರಲ್ಲಿದ್ದರು. ಒಂದು ಕಾಲದಲ್ಲಿ ಮಲೇರಿಯಾ ಇಲ್ಲದಿದ್ದ ಆ ನೆಲದಲ್ಲಿ 1860ರ ದಶಕದಲ್ಲಿ ರೋಗ ಕಾಲಿಟ್ಟು, ಸಾವಿರ ಸಾವಿರ ಜನರನ್ನು ಕೊಂದಿತ್ತು. ರೋಗವು ಎಷ್ಟಿದೆಯೆಂದು ಅಳೆಯದೆ ಯಾವ ಕೆಲಸವನ್ನೂ ಆರಂಭಿಸಬಾರದೆಂಬುದು ರಾಸ್ ಅವರ ನಿಲುವು. ಮಲೇರಿಯಾ ಮತ್ತೆ ಮತ್ತೆ ಬಂದವರ ಹೊಟ್ಟೆಯ ಎಡಗಡೆ ಗುಲ್ಮವು ಊದಿಕೊಳ್ಳುತ್ತದೆ. ಜ್ವರಗಡ್ಡೆ ಎಂದು ಹಿರಿಯರು ಹೇಳುತ್ತಿದ್ದುದು ಅದನ್ನೇ. ದ್ವೀಪದ ಮೂವತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಹೊಟ್ಟೆಯನ್ನು ಮುಟ್ಟಿ ಪರೀಕ್ಷಿಸಲಾಯಿತು. ಸುಮಾರು ಮೂರರಲ್ಲೊಂದು ಮಗುವಿಗೆ ಗುಲ್ಮ ಊದಿತ್ತು. ಯಾವ ಊರಿನಲ್ಲಿ ರೋಗ ಹೆಚ್ಚು, ಯಾವ ತೋಟದಲ್ಲಿ ಕಡಿಮೆ ಎಂಬುದು ಅದರಿಂದ ಸ್ಪಷ್ಟವಾಯಿತು.

ಬಾಲ್ಯದ ಗಣಿತಪ್ರೀತಿಯು ಇಲ್ಲಿ ನೆರವಿಗೆ ಬಂದಿತು. ಎಷ್ಟು ಜನರಿದ್ದಾರೆ, ಎಷ್ಟು ಮಂದಿಗೆ ರೋಗವಿದೆ, ಎಷ್ಟು ಸೊಳ್ಳೆಗಳಿವೆ, ಅವು ಎಷ್ಟು ದಿನ ಬದುಕುತ್ತವೆ ಎಂಬುದನ್ನು ಲೆಕ್ಕ ಹಾಕಿ ಅವರು ಒಂದು ಮಹತ್ವದ ಸಂಗತಿಯನ್ನು ಕಂಡುಕೊಂಡರು. ಮಲೇರಿಯಾ ತೊಲಗಬೇಕಾದರೆ ಪ್ರತಿಯೊಂದು ಸೊಳ್ಳೆಯೂ ಸಾಯಬೇಕಾಗಿಲ್ಲ. ಸೊಳ್ಳೆಗಳ ಸಂಖ್ಯೆಯು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ರೋಗವು ತಾನಾಗಿ ಕುಗ್ಗುತ್ತ ಹೋಗುತ್ತದೆ. ಹೊಸ ರೋಗಿಗಳಿಗಿಂತ ಗುಣವಾದವರೇ ಹೆಚ್ಚಾಗುತ್ತಾರೆ. ಸೊಳ್ಳೆಯನ್ನು ಪೂರ್ತಿಯಾಗಿ ನಾಶಮಾಡಲು ಆಗದೆಂದು ಕೈಚೆಲ್ಲಿದ್ದವರಿಗೆ ಇದೇ ಉತ್ತರವಾಯಿತು. ಸಾಂಕ್ರಾಮಿಕ ರೋಗಗಳ ಗಣಿತಕ್ಕೆ ಅದು ತಳಹದಿಯಾಯಿತು.

ಅವರ ಉಳಿದ ವರ್ಷಗಳಲ್ಲಿ ಮನ್ನಣೆಯೂ ಇತ್ತು, ದುಃಖವೂ ಇತ್ತು. 1911ರಲ್ಲಿ ಸರ್ ಪದವಿ ದೊರೆಯಿತು. 1914ರ ಆಗಸ್ಟಿನಲ್ಲಿ, ಮಹಾಯುದ್ಧದ ಮೊದಲ ವಾರಗಳಲ್ಲೇ, ಹಿರಿಯ ಮಗ ರಣರಂಗದಲ್ಲಿ ಮಡಿದರು. 1926ರಲ್ಲಿ ಲಂಡನ್ನಿನಲ್ಲಿ ಅವರ ಹೆಸರಿನ ಸಂಶೋಧನಾಲಯ ಆರಂಭವಾಯಿತು. 1927ರಲ್ಲಿ ಅವರು ಕೆಲಸ ಮಾಡಿದ್ದ ಕಲ್ಕತ್ತೆಯ ಆಸ್ಪತ್ರೆಯಲ್ಲಿ ಸ್ಮಾರಕದ್ವಾರ ನಿಂತಿತು. 1932ರ ಸೆಪ್ಟೆಂಬರ್ 16ರಂದು ಅವರು ಲಂಡನ್ನಿನಲ್ಲಿ ತೀರಿಕೊಂಡರು.

ಕೊನೆಯ ಕೆಲವು ರೋಗಿಗಳು

ಅವರು ಸಮೀಕ್ಷೆ ನಡೆಸಿದ ಮಾರಿಷಸ್ ದ್ವೀಪ ಮಲೇರಿಯಾ ಮುಕ್ತವಾಗಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು 1973ರಲ್ಲಿ ಘೋಷಿಸಿತು. ಆದರೆ ಎರಡೇ ವರ್ಷಗಳಲ್ಲಿ, ಭೀಕರ ಚಂಡಮಾರುತದ ನಂತರ, ರೋಗ ಮರಳಿತು. 1982ರಲ್ಲಿ ಆರುನೂರಕ್ಕೂ ಹೆಚ್ಚು ಜನರಿಗೆ ಜ್ವರ ತಗಲಿತು. ಅದನ್ನು ಮತ್ತೆ ಅಳಿಸಲು 1990ರ ದಶಕದ ಕೊನೆಯವರೆಗೆ ದುಡಿಯಬೇಕಾಯಿತು. ಮಲೇರಿಯಾ ಇರುವ ದೇಶಗಳಿಂದ ಬರುವ ಪ್ರಯಾಣಿಕರನ್ನು ಗುರುತಿಸಿ, ಅವರ ಮನೆಗೇ ಹೋಗಿ ರಕ್ತ ಪರೀಕ್ಷೆ ಮಾಡುವ ಪದ್ಧತಿಯನ್ನು ಆ ದ್ವೀಪವು ಬೆಳೆಸಿಕೊಂಡಿತು.

ನೆರೆಯ ಶ್ರೀಲಂಕೆಯ ಕಥೆ ಇನ್ನೂ ಕಟುವಾದದ್ದು. 1963ರಲ್ಲಿ ಆ ದ್ವೀಪದಲ್ಲಿ ಇದ್ದ ಮಲೇರಿಯಾ ರೋಗಿಗಳು ಕೇವಲ 17 ಮಂದಿ. ಗೆದ್ದೆವೆಂದು ಎಚ್ಚರ ತಪ್ಪಿದರು. ಆ ದಶಕ ಮುಗಿಯುವುದರೊಳಗೆ ಐದು ಲಕ್ಷಕ್ಕೂ ಹೆಚ್ಚು ಜನ ಜ್ವರದಿಂದ ನರಳಿದರು. ಶ್ರೀಲಂಕೆಗೆ ಮುಕ್ತಿಯ ಮನ್ನಣೆ ದೊರೆತದ್ದು 2016ರಲ್ಲಿ. ನಮ್ಮ ದೇಶದಲ್ಲಿಯೂ 1960ರ ದಶಕದ ನಡುವೆ ಸುಮಾರು ಒಂದು ಲಕ್ಷಕ್ಕೆ ಇಳಿದಿದ್ದ ರೋಗಿಗಳ ಸಂಖ್ಯೆ 1976ರಲ್ಲಿ ಅರವತ್ತು ಲಕ್ಷವನ್ನು ಮೀರಿತು. ರೋಗ ಬಹಳ ಇರುವಾಗ ಎಲ್ಲರೂ ಎಚ್ಚರವಾಗಿರುತ್ತಾರೆ. ಕೊನೆಯ ಕೆಲವು ರೋಗಿಗಳು ಉಳಿದಾಗಲೇ ಅಪಾಯ ಹೆಚ್ಚು. ವೈದ್ಯರಿಗೂ ಆ ರೋಗ ಥಟ್ಟನೆ ನೆನಪಾಗುವುದಿಲ್ಲ. ಸಾಮಾನ್ಯ ಜ್ವರವೆಂದು ಮಾತ್ರೆ ನುಂಗಿ ಸುಮ್ಮನಾದ ಒಬ್ಬ ರೋಗಿಯಿಂದ ಸೊಳ್ಳೆಗಳು ಇಡೀ ಕೇರಿಗೆ ರೋಗವನ್ನು ಹಂಚಬಲ್ಲವು.

ನಮ್ಮ ಪ್ರದೇಶ ದ್ವೀಪವಲ್ಲ. ಸುತ್ತಲೂ ಸಮುದ್ರವಿಲ್ಲದ ಕಾರಣ ನಮಗೆ ಎಚ್ಚರ ಇನ್ನೂ ಹೆಚ್ಚು ಬೇಕು. ಆದೋನಿ, ಕೋಸಿಗಿ, ಕೌತಾಳಂ, ಹೊಳಗುಂದ, ಪತ್ತಿಕೊಂಡ ಕಡೆಗಳಿಂದ ಪ್ರತಿವರ್ಷ ಅನೇಕ ಕುಟುಂಬಗಳು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೂ ಬೆಂಗಳೂರಿನ ಕಟ್ಟಡ ಕೆಲಸಗಳಿಗೂ ವಲಸೆ ಹೋಗುತ್ತವೆ. ಮಕ್ಕಳೂ ಜೊತೆಯಲ್ಲಿ ಹೋಗುತ್ತಾರೆ. ಹೊಲದ ಬದಿಯ ಗುಡಿಸಲಿನಲ್ಲಿ, ಕಟ್ಟಡದ ನೀರಿನ ತೊಟ್ಟಿಯ ಪಕ್ಕದಲ್ಲಿ ಮಲಗಿ ಎದ್ದು ಬಂದ ಮಗುವಿಗೆ ಊರಿಗೆ ಮರಳಿದ ಮೇಲೆ ಜ್ವರ ಬಂದರೆ, ಆ ಜ್ವರ ಯಾವುದೆಂದು ನೋಡಿಯೇ ತಿಳಿಯಬೇಕು. ಊಹೆಯಿಂದ ಹೇಳಲು ಸಾಧ್ಯವಿಲ್ಲ. ಅನುಭವಿ ವೈದ್ಯರಾಗಿದ್ದ ರಾಸ್ ಅವರೇ ಊಹೆಯನ್ನು ನಂಬಿ ಅನೇಕ ವರ್ಷ ತಪ್ಪುದಾರಿಯಲ್ಲಿದ್ದರು.

ಈಗ ಪರೀಕ್ಷೆ ಕಷ್ಟದ್ದಲ್ಲ. ಆಶಾ ಕಾರ್ಯಕರ್ತೆಯೋ ಪ್ರಾಥಮಿಕ ಆರೋಗ್ಯ ಕೇಂದ್ರದವರೋ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು, ಪರೀಕ್ಷಾ ಪಟ್ಟಿಯಲ್ಲಿ ಅರ್ಧ ಗಂಟೆಯೊಳಗೆ ಫಲಿತಾಂಶ ನೋಡುತ್ತಾರೆ. ಗಾಜಿನ ಮೇಲೆ ರಕ್ತವನ್ನು ಲೇಪಿಸಿ ಸೂಕ್ಷ್ಮದರ್ಶಕದಲ್ಲಿಯೂ ಪರೀಕ್ಷಿಸುತ್ತಾರೆ. ಇದಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಹಣ ಕೊಡಬೇಕಾಗಿಲ್ಲ. ರೋಗವಿದೆಯೆಂದು ತಿಳಿದರೆ ಔಷಧವನ್ನು ಪೂರ್ತಿಯಾಗಿ ತೆಗೆದುಕೊಳ್ಳುವುದು ಅಷ್ಟೇ ಮುಖ್ಯ. ವೈವಾಕ್ಸ್ ಎಂಬ ಬಗೆಯ ಮಲೇರಿಯಾದ ರೋಗಾಣು ಪಿತ್ತಜನಕಾಂಗದಲ್ಲಿ ಅಡಗಿ ಕುಳಿತು ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ. ಅದಕ್ಕಾಗಿಯೇ ವೈದ್ಯರು ಹದಿನಾಲ್ಕು ದಿನಗಳ ಮಾತ್ರೆ ಕೊಡುತ್ತಾರೆ. ಮೂರನೆಯ ದಿನ ಜ್ವರ ಬಿಟ್ಟಿತೆಂದು ಮಾತ್ರೆಯನ್ನು ನಿಲ್ಲಿಸಿದರೆ ರೋಗವನ್ನು ಮನೆಯಲ್ಲಿಯೇ ಸಾಕಿಕೊಂಡಂತಾಗುತ್ತದೆ.

ರಾಸ್ ಅವರ ಬದುಕನ್ನು ನಮ್ಮ ಶಾಲೆಗಳಲ್ಲಿ ನೊಬೆಲ್ ಪ್ರಶಸ್ತಿಯ ಒಂದು ಪ್ರಶ್ನೆಯಾಗಿ ಮಾತ್ರ ಮಕ್ಕಳು ಕಲಿಯುತ್ತಾರೆ. ಬೆಂಗಳೂರಿನ ತೊಟ್ಟಿ, ಬೌರಿಂಗ್ ಆಸ್ಪತ್ರೆಯ ಅಪ್ಪಯ್ಯ, ಸಿಕಂದರಾಬಾದಿನ ಸೆಕೆ, ಮಾರಿಷಸ್ಸಿನ ಮಕ್ಕಳು ಇವೆಲ್ಲವನ್ನೂ ಸೇರಿಸಿ ಹೇಳಿದರೆ ಆ ಪಾಠ ಮನೆಯವರೆಗೂ ಬರುತ್ತದೆ. ಈ ಸಲ ಸುಗ್ಗಿ ಮುಗಿಸಿ ಬಂದವರ ಮನೆಯಲ್ಲಿ ಯಾರಿಗಾದರೂ ಚಳಿ ಹಿಡಿದು ಜ್ವರ ಬಂದರೆ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿರಿ. ಮನೆಯ ಹಿಂದಿನ ನೀರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ ಒಣಗಿಸುವ ಕೆಲಸವನ್ನು ಮಕ್ಕಳಿಗೆ ವಹಿಸಿರಿ.